ತೊಳೆದರೂ ಹೋಗದ ಗಾಜಿನ ಮಬ್ಬು: ಯಾವ ಕೊಳೆಗೆ ಯಾವ ಮದ್ದು?

ಬಯಲುಸೀಮೆ ಬಂಡಿ
ಕಾರಿನ ಮುಂದಿನ ಗಾಜು ಹಗಲಲ್ಲಿ ಸ್ವಚ್ಛವಾಗಿಯೇ ಕಾಣುತ್ತದೆ. ಸಂಜೆ ಬಿಸಿಲು ಎದುರಿಗೆ ಬಂದಾಗ, ಇಲ್ಲವೇ ರಾತ್ರಿ ಎದುರು ಗಾಡಿಯ ಲೈಟ್ ಬಿದ್ದಾಗ ಇಡೀ ಗಾಜಿಗೆ ಹಾಲು ಬಳಿದ ಹಾಗೆ ಮಬ್ಬು. ವೈಪರ್ ಹಾಕಿದರೆ ಜಿಡ್ಡು ಹರಡಿಕೊಂಡು, ಒಂದೆರಡು ಸೆಕೆಂಡ್ ಬಿಟ್ಟು ತಿಳಿಯಾಗುತ್ತದೆ. ಡ್ರೈವರ್ ಬದಿಯ ಕೆಳಮೂಲೆಯಲ್ಲಿ ಬಿಳಿ ಚುಕ್ಕೆಗಳಿವೆ, ಶಾಂಪೂ ಹಾಕಿ ಉಜ್ಜಿದರೂ ಜಗ್ಗುವುದಿಲ್ಲ. ತೊಳೆಯುವುದು ಅಪಾರ್ಟ್‌ಮೆಂಟಿನ ಬೋರ್ ನೀರಿನಲ್ಲಿ. ಪಕ್ಕದ ಕಿಟಕಿಗಳ ಒಳಗೆ ಫಿಲ್ಮ್ ಅಂಟಿಸಿದೆ. ಯಾವುದನ್ನು ಯಾವುದರಿಂದ ತೆಗೆಯಬೇಕು, ಎಷ್ಟು ಅಳತೆ ಹಾಕಬೇಕು ಎಂದು ಬಲ್ಲವರು ಹೇಳಿ.

ರಸಾಯನ ಮೇಷ್ಟ್ರು
ನೀವು ಒಂದೇ ಮಬ್ಬು ಅನ್ನುತ್ತಿರುವುದು ಕನಿಷ್ಠ ಮೂರು ಬೇರೆ ಬೇರೆ ಕೊಳೆ. ಹೊರಗೆ ಜಿಡ್ಡು, ಒಳಗೆ ಪ್ಲಾಸ್ಟಿಕ್ಕಿನ ಆವಿ ಕೂತ ಪದರ, ಮೂಲೆಯಲ್ಲಿ ಗಡಸು ನೀರಿನ ಖನಿಜ. ಜಿಡ್ಡಿಗೆ ಸೋಪು ಮತ್ತು ಆಲ್ಕೊಹಾಲ್ ಬೇಕು, ಖನಿಜಕ್ಕೆ ಆಮ್ಲ ಬೇಕು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಒಂದೇ ಬಾಟಲಿ ಸ್ಪ್ರೇ ತಂದು ಎಲ್ಲದಕ್ಕೂ ಹೊಡೆದಾಗ ಅರ್ಧ ಹೋಗಿ ಅರ್ಧ ಉಳಿಯುವುದು ಇದೇ ಕಾರಣಕ್ಕೆ.

ಮೊದಲು ಪರೀಕ್ಷೆ ಮಾಡಿ, ಹತ್ತು ನಿಮಿಷ ಸಾಕು. ಗಾಜು ತಣ್ಣಗಿರುವಾಗ ಶಾಂಪೂ ಹಾಕಿ ತೊಳೆದು, ಒಂದು ಚೊಂಬು ನೀರನ್ನು ಮೇಲಂಚಿನಿಂದ ನಿಧಾನವಾಗಿ ಹರಿಸಿ. ನೀರು ಒಂದೇ ತೆಳುವಾದ ಹಾಳೆಯಂತೆ ಇಳಿದರೆ ಹೊರಬದಿ ಶುದ್ಧ. ಅಲ್ಲಲ್ಲಿ ಹರಿದು ಅಂಕುಡೊಂಕು ತೇಪೆಗಳಾದರೆ ಜಿಡ್ಡು ಕೂತಿದೆ. ಮಳೆನೀರು ಜಾರಿಸುವ ಕೋಟಿಂಗ್ ಇದ್ದರೂ ನೀರು ಹನಿಗಟ್ಟುತ್ತದೆ, ಆದರೆ ಆಗ ಹನಿಗಳು ಎಲ್ಲ ಕಡೆ ದುಂಡಗೆ ಒಂದೇ ಬಗೆಯಾಗಿರುತ್ತವೆ.

ಒಳಬದಿಗೆ ಮೊಬೈಲ್ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ನೋಡಿ. ಅಂಗೈ ಅಗಲದ ಜಾಗವನ್ನು ಒಮ್ಮೆ ಒರೆಸಿ ಮತ್ತೆ ಟಾರ್ಚ್ ಹಿಡಿದರೆ ಒರೆಸಿದ ಜಾಗಕ್ಕೂ ಉಳಿದದ್ದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಬಿಳಿ ಚುಕ್ಕೆಯ ಮೇಲೆ ಬಿಳಿ ವಿನೆಗರ್‌ನಲ್ಲಿ ನೆನೆಸಿದ ಹತ್ತಿ ಇಟ್ಟು ಐದು ನಿಮಿಷ ಬಿಡಿ. ಮಸುಕಾದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಲಭದ ಕೆಲಸ. ಕದಲದಿದ್ದರೆ ಸಿಲಿಕಾ, ಅಥವಾ ಗಾಜಿನ ಮೈಯೇ ಸವೆದಿದೆ. ಅದರ ದಾರಿ ಬೇರೆ.

ಹೆಬ್ಬಾಳ ಸಿಗ್ನಲ್
ಮೇಷ್ಟ್ರೇ, ಹೊರಗಿನ ಜಿಡ್ಡು ಬರುವುದು ಎಲ್ಲಿಂದ? ದಿನಾ ಒರೆಸಿದರೂ ಇರುತ್ತದಲ್ಲ.

ರಸಾಯನ ಮೇಷ್ಟ್ರು
ಡೀಸೆಲ್ ಹೊಗೆಯ ಮಸಿ, ಮುಂದಿನ ಗಾಡಿಯ ಚಕ್ರ ಎಬ್ಬಿಸುವ ಡಾಂಬರು-ಟೈರಿನ ಪುಡಿ, ಕಾರಿನ ಪಾಲಿಶ್, ವ್ಯಾಕ್ಸ್ ಬೆರೆಸಿದ ಶಾಂಪೂ. ಇನ್ನೊಂದನ್ನು ಯಾರೂ ಅನುಮಾನಿಸುವುದಿಲ್ಲ: ಉದ್ದ ಹಿಡಿಕೆಯ ಧೂಳು ಹೊಡೆಯುವ ಡಸ್ಟರ್. ಧೂಳು ಅಂಟಲಿ ಎಂದು ಹಲವು ಡಸ್ಟರುಗಳ ನೂಲಿಗೆ ಮೇಣ ಹಚ್ಚಿರುತ್ತಾರೆ. ಅದೇ ಡಸ್ಟರನ್ನು ದಿನಾ ಬೆಳಿಗ್ಗೆ ಗಾಜಿನ ಮೇಲೆ ಎಳೆದರೆ ಮೇಣ ಬಳಿದಂತಾಯಿತು. ಬಾಡಿಗೆ ಬಳಸಿ, ಗಾಜಿಗೆ ಬೇಡ.

ಶಿವು ಡಿಟೇಲಿಂಗ್
ಹೊರಬದಿಯ ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ. ನೆರಳಲ್ಲಿ ಮಾಡಿ, ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ. ಬಿಸಿ ಗಾಜಿನ ಮೇಲೆ ಯಾವ ದ್ರವ ಹಾಕಿದರೂ ಒರೆಸುವ ಮೊದಲೇ ಒಣಗಿ ಗೆರೆ ಬಿಡುತ್ತದೆ.

ಮೊದಲು ಬರೀ ನೀರು, ಧಾರಾಳವಾಗಿ. ಇಲ್ಲಿ ಜಿಪುಣತನ ಬೇಡ. ಗಾಜಿನ ಗಡಸುತನ ಮೋಸ್ ಮಾನದಲ್ಲಿ 5.5ರಿಂದ 6, ರಸ್ತೆ ಧೂಳಿನಲ್ಲಿರುವ ಮರಳಿನ ಹರಳು 7. ಒಣ ಬಟ್ಟೆಯಲ್ಲಿ ಧೂಳು ಒರೆಸುವುದೆಂದರೆ ಗಾಜಿನ ಮೇಲೆ ಉಪ್ಪುಕಾಗದ ಎಳೆದಂತೆ. ಮೇಲಿಂದ ಕೆಳಕ್ಕೆ ಎರಡು ಬಾರಿ ನೀರು ಹೊಯ್ದು ಮರಳು ಇಳಿಸಿ. ಬಾನೆಟ್ ಮತ್ತು ಗಾಜಿನ ನಡುವಿನ ಕರಿ ಪ್ಲಾಸ್ಟಿಕ್ ಜಾಲರಿಯಲ್ಲಿ ಸಿಕ್ಕಿದ ಎಲೆ, ಹೂವು ಕೈಯಿಂದ ತೆಗೆಯಿರಿ, ಇಲ್ಲದಿದ್ದರೆ ನೀರು ಇಳಿಯುವ ತೂತು ಕಟ್ಟಿಕೊಳ್ಳುತ್ತದೆ.

ಆಮೇಲೆ ವ್ಯಾಕ್ಸ್ ಇಲ್ಲದ ಕಾರ್ ಶಾಂಪೂ. ಎಷ್ಟು ಹಾಕಬೇಕೆಂಬುದು ಬಾಟಲಿಯ ಮೇಲೇ ಇರುತ್ತದೆ, ಅದಕ್ಕಿಂತ ಹೆಚ್ಚು ಹಾಕಿದರೆ ಶುಚಿ ಹೆಚ್ಚುವುದಿಲ್ಲ, ತೊಳೆಯುವ ನೀರು ಮಾತ್ರ ಹೆಚ್ಚಾಗುತ್ತದೆ. ಗಾಜಿಗೆ ಬೇರೆಯೇ ಬಟ್ಟೆ ಇರಲಿ, ಚಕ್ರ ಒರೆಸಿದ್ದು ಬೇಡವೇ ಬೇಡ. ವೈಪರ್ ಎತ್ತಿ ಅದರಡಿಯ ಪಟ್ಟಿಯನ್ನೂ ಉಜ್ಜಿ. ಅಲ್ಲಿ ಉಳಿದ ಮಣ್ಣೇ ಮೊದಲ ಮಳೆಗೆ ಗಾಜಿನ ಮೇಲೆ ಬಿಲ್ಲಿನಾಕಾರದ ಗೀರು ಎಳೆಯುವುದು.

ತೊಳೆದ ಮೇಲೂ ಬೆರಳ ತುದಿಗೆ ತರಿತರಿ ತಗುಲಿದರೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮುದ್ದೆ. ನುಣುಪು ದರ್ಜೆಯದು, 40-50 ಗ್ರಾಂ ತುಂಡು ಇಡೀ ಕಾರಿನ ಗಾಜುಗಳಿಗೆ ಸಾಕು. ಗಾಜನ್ನು ಶಾಂಪೂ ನೀರಿನಿಂದ ಒದ್ದೆಯಾಗಿಟ್ಟು, ಕ್ಲೇಯನ್ನು ಚಪ್ಪಟೆ ಮಾಡಿ, ಹಗುರ ಕೈಯಲ್ಲಿ ನೆಟ್ಟಗೆ ಹಿಂದೆ ಮುಂದೆ ಜಾರಿಸಿ. ಮೊದಲು ತಡೆದು ತಡೆದು ಹೋಗುತ್ತದೆ, ಕೊಳೆ ಬಿಟ್ಟ ಮೇಲೆ ಬೆಣ್ಣೆಯಂತೆ ಜಾರುತ್ತದೆ. ಕ್ಲೇ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆಯಿರಿ, ತೊಳೆದು ಮತ್ತೆ ಬಳಸಬೇಡಿ. ಒಳಸೇರಿದ ಮರಳು ಹೊರಬರುವುದಿಲ್ಲ.

ಕೊನೆಗೆ ಐಪಿಎ ಒರೆತ. ಐಸೊಪ್ರೊಪೈಲ್ ಆಲ್ಕೊಹಾಲ್ 99 ಶೇಕಡಾದ್ದು 150 ಮಿ.ಲೀ., ಬ್ಯಾಟರಿ ನೀರು ಎಂದು ಮಾರುವ ಡಿಸ್ಟಿಲ್ಡ್ ವಾಟರ್ 350 ಮಿ.ಲೀ. ಸ್ಪ್ರೇ ಬಾಟಲಿಗೆ ತುಂಬಿಟ್ಟುಕೊಳ್ಳಿ. ಎರಡು ಬಟ್ಟೆ ಬೇಕು: ಒಂದಕ್ಕೆ ದ್ರವ ಹಾಕಿ ಒರೆಸುವುದು, ಇನ್ನೊಂದು ಪೂರ್ತಿ ಒಣಗಿದ್ದು, ಹಿಂದೆಯೇ ಹೊಳಪು ಕೊಡುವುದಕ್ಕೆ. ಗಾಜನ್ನು ಮನಸ್ಸಿನಲ್ಲಿ ನಾಲ್ಕು ಭಾಗ ಮಾಡಿ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ. ಇಡೀ ಗಾಜಿಗೆ ಒಟ್ಟಿಗೇ ಹೊಡೆದರೆ ಅರ್ಧ ತಾನೇ ಒಣಗಿಬಿಡುತ್ತದೆ.

ಹೆಬ್ಬಾಳ ಸಿಗ್ನಲ್
ಐಪಿಎ ಬದಲು ಮನೆಯಲ್ಲಿ ಉಳಿದ ಹ್ಯಾಂಡ್ ಸ್ಯಾನಿಟೈಸರ್ ಆಗುತ್ತದಾ?

ರಸಾಯನ ಮೇಷ್ಟ್ರು
ಬೇಡ. ಕೈ ಒಣಗದಿರಲಿ ಎಂದು ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ. ಜೆಲ್ ಆಗಿದ್ದರೆ ಮಂದವಾಗಿಸುವ ಅಂಟು ಬೇರೆ. ಆಲ್ಕೊಹಾಲ್ ಆರಿದ ಮೇಲೆ ಅವೆರಡೂ ಗಾಜಿನ ಮೇಲೇ ಉಳಿಯುತ್ತವೆ. ಐಪಿಎ ಬೆಂಕಿ ಹೊತ್ತಿಕೊಳ್ಳುವ ದ್ರವ ಅನ್ನುವುದು ನೆನಪಿರಲಿ: ಕಾರಿನೊಳಗೆ ಬಳಸುವಾಗ ನಾಲ್ಕೂ ಬಾಗಿಲು ತೆರೆದಿಡಿ, ಹತ್ತಿರ ಬೀಡಿ-ಸಿಗರೇಟು ಬೇಡ, ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಬರಬೇಡಿ.

ಗೇರ್ ಅಕ್ಕ
ಒಳಬದಿಯ ಬಗ್ಗೆ ನಾನು ಹೇಳುತ್ತೇನೆ. ಮಬ್ಬಿನ ದೂರುಗಳಲ್ಲಿ ಬಹುಪಾಲು ಇಲ್ಲಿಯದೇ, ಜನ ಉಜ್ಜುವುದು ಮಾತ್ರ ಹೊರಗೆ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಕಾದಾಗ ಪ್ಲಾಸ್ಟಿಕ್ ಮೆದುವಾಗಿರಲೆಂದು ಬೆರೆಸಿದ ಎಣ್ಣೆಯಂಥ ಅಂಶ ಆವಿಯಾಗಿ, ಓರೆಯಾಗಿ ಮೇಲೆಯೇ ಇರುವ ಗಾಜಿಗೆ ಕೂರುತ್ತದೆ. ಹೊಸ ಕಾರಿನಲ್ಲಿ ಇದು ಹೆಚ್ಚು. ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಸಿಲಿಕೋನ್ ಪಾಲಿಶ್ ಹಚ್ಚಿದರಂತೂ ಕೇಳುವುದೇ ಬೇಡ. ಊದುಬತ್ತಿ, ಸಿಗರೇಟು ಹೊಗೆಯೂ ಅಲ್ಲೇ ಹೋಗಿ ಕೂರುತ್ತದೆ.

ಕ್ರಮ ತಪ್ಪಬಾರದು. ಡ್ಯಾಶ್‌ಬೋರ್ಡ್, ಎಸಿ ಕಿಂಡಿ, ಸೀಟು ಎಲ್ಲ ಮುಗಿಸಿ ಗಾಜನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ಮೇಲೆ ಒಂದು ಟವಲ್ ಹಾಸಿ. ದ್ರವವನ್ನು ಬಟ್ಟೆಗೆ ಹೊಡೆಯಿರಿ, ಗಾಜಿಗಲ್ಲ. ಗಾಜಿಗೆ ಹೊಡೆದದ್ದು ಜಾರಿ ಕೆಳಗಿನ ಕಿಂಡಿಗೆ, ಸ್ಪೀಕರಿಗೆ, ವೈರಿಂಗ್‌ಗೆ ಇಳಿಯುತ್ತದೆ. ಕನ್ನಡಿಯ ಹಿಂದೆ ಕ್ಯಾಮೆರಾ ಅಥವಾ ಮಳೆ ಸೆನ್ಸರ್ ಇರುವ ಕಾರಾದರೆ ಅದರ ಸುತ್ತ ಒಣ ಬಟ್ಟೆ ಮಾತ್ರ.

ಸ್ಟೇರಿಂಗ್ ಅಡ್ಡ ಬರುವುದರಿಂದ ಪಕ್ಕದ ಸೀಟಿನಲ್ಲಿ ಕೂತು ಶುರು ಮಾಡಿ. ಗಾಜೂ ಡ್ಯಾಶ್‌ಬೋರ್ಡೂ ಸೇರುವ ಇಕ್ಕಟ್ಟಿಗೆ ಅಂಗೈ ಹೋಗುವುದಿಲ್ಲ. ಬಟ್ಟೆಯನ್ನು ಬೆರಳುಗಳ ಬೆನ್ನಿಗೆ ಸುತ್ತಿ, ಕೈ ಮಗುಚಿ ಬೆರಳ ಹಿಂಬದಿಯಿಂದ ಒತ್ತಿ ಒರೆಸಿ, ಮೂಲೆಯವರೆಗೂ ಮುಟ್ಟುತ್ತದೆ. ತ್ರಿಕೋನ ತಲೆಯ ಉದ್ದ ಹಿಡಿಕೆಯ ಒರೆಸುವ ಸಾಧನವೂ ಸಿಗುತ್ತದೆ. ಹಿಡಿಕೆ ಬಗ್ಗದಂಥದ್ದು ನೋಡಿ ತನ್ನಿ, ಬಗ್ಗಿದರೆ ಒತ್ತಡವೇ ಬೀಳುವುದಿಲ್ಲ.

ಒಳಗೆ ಅಡ್ಡಡ್ಡ ಒರೆಸಿ, ಹೊರಗೆ ಉದ್ದುದ್ದ ಒರೆಸಿ. ಗೆರೆ ಉಳಿದರೆ ಅದು ಯಾವ ಬದಿಯದ್ದೆಂದು ಗೆರೆಯ ದಿಕ್ಕೇ ಹೇಳುತ್ತದೆ. ಪದರ ಹಳೆಯದಾಗಿದ್ದರೆ ಒಂದೇ ಒರೆತಕ್ಕೆ ಬರುವುದಿಲ್ಲ: ಮೊದಲ ಸುತ್ತು ಜಿಡ್ಡನ್ನು ಕರಗಿಸಿ ಹರಡುತ್ತದೆ, ಎರಡನೆಯದು ಎತ್ತಿಕೊಳ್ಳುತ್ತದೆ, ಮೂರನೆಯದು ತಿಳಿ ಮಾಡುತ್ತದೆ. ಬಟ್ಟೆಯನ್ನು ನಾಲ್ಕಾಗಿ ಮಡಿಸಿದರೆ ಎಂಟು ಹೊಸ ಮುಖ ಸಿಗುತ್ತವೆ, ಪ್ರತಿ ಸುತ್ತಿಗೂ ಮುಖ ಬದಲಿಸಿ. ಮೊದಲ ಸುತ್ತಿನ ಮುಖದಿಂದಲೇ ಮೂರನೆಯದನ್ನೂ ಒರೆಸುವುದರಿಂದಲೇ ಎಷ್ಟೋ ಜನರಿಗೆ ಒಳಗಾಜು ತಿಳಿಯಾಗದಿರುವುದು.

ಪಕ್ಕದ ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿ ಮೇಲಂಚನ್ನು ಮೊದಲು ಒರೆಸಿ. ಅಲ್ಲಿ ರಬ್ಬರಿನೊಳಗೆ ಕೂತ ಕೊಳೆಪಟ್ಟಿ ಗಾಜು ಏರಿಸಿದ್ದಾಗ ಕಾಣುವುದೇ ಇಲ್ಲ.

ಹೆಬ್ಬಾಳ ಸಿಗ್ನಲ್
ನ್ಯೂಸ್‌ಪೇಪರ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಅದಕ್ಕಿಂತ ಚೆನ್ನಾಗಿ ಹೊಳಪು ಬರುವುದಿಲ್ಲ ಅಂತಾರಲ್ಲ.

ಶಿವು ಡಿಟೇಲಿಂಗ್
ನೂಲು ಬಿಡುವುದಿಲ್ಲ ಅನ್ನುವುದು ಅದರ ಗುಣ, ಹಳೇ ಬನಿಯನ್‌ಗಿಂತ ಮೇಲು. ಆದರೆ ಒದ್ದೆಯಾದರೆ ಹರಿಯುತ್ತದೆ, ಶಾಯಿ ಕೈಗೂ ತಿಳಿಬಣ್ಣದ ಸೀಲಿಂಗಿಗೂ ಬೀಡಿಂಗಿಗೂ (ಗಾಜಿನಂಚಿನ ರಬ್ಬರ್ ಪಟ್ಟಿ) ಹತ್ತುತ್ತದೆ, ಬಾಗಿದ ಗಾಜಿನ ಮೂಲೆಗೆ ಮುಟ್ಟುವುದಿಲ್ಲ. ಬೇರೇನೂ ಸಿಗದಿದ್ದರೆ ಸರಿ. ನೂರೈವತ್ತು-ಇನ್ನೂರು ರೂಪಾಯಿಯ ಒಂದು ಒಳ್ಳೆ ಗ್ಲಾಸ್ ಮೈಕ್ರೊಫೈಬರ್ ಇದ್ದರೆ ಅದರ ಹಂಗು ಬೇಡ. ಉದ್ದ ಜುಂಗಿನ ದಪ್ಪ ಬಟ್ಟೆ ತರಬೇಡಿ, ಅದು ಬಾಡಿಗೆ. ಗಾಜಿಗೆ ಜುಂಗು ಇಲ್ಲದ ಚಪ್ಪಟೆ ನೇಯ್ಗೆ ಅಥವಾ ಜೇನುಗೂಡಿನ ಹಾಗೆ ಚೌಕ ಚೌಕ ಇರುವ ನೇಯ್ಗೆ.

ಒಗೆಯುವಾಗ ಹತ್ತಿ ಬಟ್ಟೆ ಜೊತೆ ಹಾಕಬಾರದು, ನೂಲು ಮೆತ್ತುತ್ತದೆ. ಬಟ್ಟೆ ಮೃದುವಾಗಿಸುವ ಕಂಡೀಶನರ್ ಹಾಕಲೇಬಾರದು, ಅದು ಎಳೆಗಳಿಗೆ ಜಿಡ್ಡು ಬಳಿಯುತ್ತದೆ, ಆ ಜಿಡ್ಡು ನೇರ ಗಾಜಿಗೆ. ಇಸ್ತ್ರಿಯೂ ಬೇಡ.

ಬಯಲುಸೀಮೆ ಬಂಡಿ
ಅಪಾರ್ಟ್‌ಮೆಂಟಿನಲ್ಲಿ ದಿನಾ ಒರೆಸುವವರು ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತಾರು ಕಾರು ಮುಗಿಸುತ್ತಾರೆ. ಅವರಿಗೆ ಏನು ಹೇಳುವುದು?

ಗೇರ್ ಅಕ್ಕ
ಅವರ ತಪ್ಪಲ್ಲ ಅದು, ಅಷ್ಟು ಹೊತ್ತಿನಲ್ಲಿ ಅಷ್ಟು ಕಾರು ಅಂದರೆ ಬೇರೆ ದಾರಿಯಿಲ್ಲ. ನಿಮ್ಮ ಕಾರಿನದೇ ಎರಡು ಬಟ್ಟೆ ಕೊಡಿ, ಗಾಜಿನದಕ್ಕೆ ಬೇರೆ ಬಣ್ಣ ಇರಲಿ. ದಿನಾ ಒರೆಸುವುದು ಬೇಡ, ವಾರಕ್ಕೆರಡು ಬಾರಿ ಸಾಕು, ಆದರೆ ಗಾಜಿಗೆ ಮೊದಲು ಎರಡು ಮಗ್ ನೀರು ಹೊಯ್ದು ಆಮೇಲೆ ಬಟ್ಟೆ ಮುಟ್ಟಿಸಿ ಎಂದು ಹೇಳಿ. ದುಡ್ಡು ಅಷ್ಟೇ ಕೊಡಿ. ಅವರಿಗೂ ಕೆಲಸ ಹಗುರ, ಗಾಜಿಗೂ ಗೀರು ಕಡಿಮೆ.

ರಸಾಯನ ಮೇಷ್ಟ್ರು
ನೀರಿನ ಮಾತು ಬಂದದ್ದಕ್ಕೆ ಇದನ್ನೂ ಸೇರಿಸುತ್ತೇನೆ. ನೀರು ಉಳಿಸಬೇಕೆಂದು ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವವರು ಬಹಳ. ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಸಾಂದ್ರವಾಗಿ ಲವಣ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಿ, ಗಾಜಿಗೆ ಬೇಡ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಒಪ್ಪಿತ ಗಡಸುತನ ಲೀಟರಿಗೆ 200 ಮಿ.ಗ್ರಾಂ., ಬೇರೆ ನೀರಿಲ್ಲದ ಕಡೆ 600ರವರೆಗೆ ಸಮ್ಮತಿ. ಬೋರ್ ನೀರು ಆ ಮೇಲಿನ ಅಂಚಿನಲ್ಲಿದ್ದರೆ ಗಾಜಿನ ಮೇಲೆ ಆರಿದ ಪ್ರತಿ ಹನಿಯೂ ಒಂದು ಬಿಳಿ ಬಳೆ ಬಿಡುತ್ತದೆ.

ಬೋರ್ ನೀರೇ ಗತಿ ಅಂದರೆ ತೊಳೆಯುವುದನ್ನು ಅದರಲ್ಲೇ ಮಾಡಿ, ಕೊನೆಯ ಎರಡು ಲೀಟರ್ ಮಾತ್ರ ಆರ್‌ಒದಲ್ಲಿ ಶೋಧಿಸಿದ ಕುಡಿಯುವ ನೀರು ಅಥವಾ ಮಳೆನೀರು ಇರಲಿ. ಮನೆಯ ಎಸಿ ತೊಟ್ಟಿಕ್ಕಿಸುವ ನೀರು ಗಾಳಿಯ ತೇವ ತಣಿದು ಆದದ್ದು, ಅದರಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೂ ಸೋಸಿ ಬಳಸಬಹುದು. ಯಾವ ನೀರಾದರೂ ತಾನಾಗಿ ಒಣಗಲು ಬಿಡದೆ ಒರೆಸಿಬಿಡಿ.

ಈಗ ಇರುವ ಬಿಳಿ ಚುಕ್ಕೆಗೆ: ಬಿಳಿ ವಿನೆಗರ್ ಒಂದು ಪಾಲು, ಡಿಸ್ಟಿಲ್ಡ್ ನೀರು ಒಂದು ಪಾಲು. ಅದಕ್ಕೂ ಬಗ್ಗದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಒಂದು ಲೀಟರ್ ನೀರಿಗೆ 50 ಗ್ರಾಂ. ಟಿಶ್ಯೂ ಕಾಗದವನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿ 5ರಿಂದ 10 ನಿಮಿಷ, ಒಣಗಲು ಬಿಡಬೇಡಿ. ಗಾಜಿನ ಮೇಲೆ ದ್ರವ ಸುಮ್ಮನೆ ಹೊಡೆದರೆ ಜಾರಿ ಹೋಗುತ್ತದೆ, ಕಾಗದ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಸ್ಪಂಜಿನಿಂದ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಬಣ್ಣದ ಮೇಲೆ ಸುರಿದದ್ದನ್ನು ಕೂಡಲೇ ತೊಳೆಯಬೇಕು.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಯಾರ ಮಾತು ಕೇಳಿಯೂ ಹಾಕಬೇಡಿ. ಅದರಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲ ಕ್ರೋಮ್, ಅಲ್ಯೂಮಿನಿಯಂ ಪಟ್ಟಿ, ವೈಪರ್ ತೋಳು ಎಲ್ಲವನ್ನೂ ತಿನ್ನುತ್ತದೆ. ಕಲೆ ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೊಫ್ಲೋರಿಕ್ ಆಮ್ಲದ ಲವಣ ಇರುತ್ತದೆ. ಅದು ಗಾಜನ್ನೇ ಕರಗಿಸಿ ಕಲೆ ತೆಗೆಯುವುದು, ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಹಾನಿ. ಲೇಬಲ್ ಓದದೆ ಯಾವುದನ್ನೂ ಕೊಳ್ಳಬೇಡಿ.

ಶಿವು ಡಿಟೇಲಿಂಗ್
ವಿನೆಗರ್, ನಿಂಬೆ ಉಪ್ಪು ಎರಡಕ್ಕೂ ಕದಲದ ಕಲೆಗೆ ಸೀರಿಯಂ ಆಕ್ಸೈಡ್. ಗಾಜು ಪಾಲಿಶ್ ಮಾಡುವ, ನಸುಗೆಂಪು ಅಥವಾ ಕೆನೆ ಬಣ್ಣದ ಪುಡಿ. ಎರಡು ಚಮಚ ಪುಡಿಗೆ ನೀರು ಬೆರೆಸಿ ಗಟ್ಟಿ ಮಜ್ಜಿಗೆ ಹದಕ್ಕೆ ತನ್ನಿ. ಸುತ್ತಲಿನ ಬಾಡಿ, ರಬ್ಬರ್ ಎಲ್ಲಕ್ಕೂ ಟೇಪ್ ಮತ್ತು ಪ್ಲಾಸ್ಟಿಕ್ ಹಾಳೆ. ಒಂದು ಅಡಿ ಚೌಕ ಜಾಗ ಹಿಡಿದು ಗಟ್ಟಿ ಉಣ್ಣೆಯ ಪ್ಯಾಡಿನಿಂದ ಕೈಯಲ್ಲೇ ಐದು ನಿಮಿಷ ಉಜ್ಜಿ, ಒಣಗುತ್ತಿದ್ದರೆ ನೀರು ಚಿಮುಕಿಸಿ, ತೊಳೆದು ನೋಡಿ, ಬೇಕಿದ್ದರೆ ಇನ್ನೊಂದು ಸುತ್ತು.

ಮೆಷಿನ್ ಹಿಡಿಯುವವರು ಎಚ್ಚರ. ಮುಂದಿನ ಗಾಜು ಎರಡು ಹಾಳೆ ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಒಂದೇ ಕಡೆ ಬಿಸಿಯೇರಿದರೆ ಬಿರುಕು ಬಿಡುತ್ತದೆ. ಒಂದೇ ಜಾಗ ಸವೆಸಿದರೆ ಗಾಜು ತಗ್ಗಾಗಿ ಅದರ ಮೂಲಕ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಉಗುರು ಎಳೆದಾಗ ತಡೆಯುವಷ್ಟು ಆಳದ ಗೀರನ್ನು ಪಾಲಿಶ್ ಮಾಡಿ ತೆಗೆಯುತ್ತೇವೆ ಎನ್ನುವವರಿಗೆ ಕಾರು ಕೊಡಬೇಡಿ, ಡ್ರೈವರ್ ಕಣ್ಣಿನ ನೇರದಲ್ಲಂತೂ ಬೇಡವೇ ಬೇಡ. ಅಂಥ ಗಾಜು ಬದಲಿಸುವುದೇ ಸರಿ.

ತೀರ್ಥಹಳ್ಳಿ ಘಾಟಿ
ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಗಾಜು ಉಜ್ಜುವ ವಿಡಿಯೊಗಳು ಓಡಾಡುತ್ತಿವೆ. ಅದು ಸರಿಯಾ?

ಶಿವು ಡಿಟೇಲಿಂಗ್
ವಿಡಿಯೊದಲ್ಲಿರುವುದು 0000 ದರ್ಜೆಯ ಉಕ್ಕಿನ ಉಣ್ಣೆ, ಕೂದಲಿಗಿಂತ ನಯ. ಅಡುಗೆಮನೆಯ ನಾರು ಅದಲ್ಲ, ಅದರಲ್ಲಿ ಉಜ್ಜಿದರೆ ಗೀರು ಖಂಡಿತ. 0000 ಕೂಡ ಒದ್ದೆ ಗಾಜಿಗೆ, ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಹೊರಬದಿಗೆ ಮಾತ್ರ. ಫಿಲ್ಮ್ ಇರುವ ಕಡೆ, ಕೋಟಿಂಗ್ ಇರುವ ಗಾಜಿಗೆ, ಪ್ಲಾಸ್ಟಿಕ್ಕಿಗೆ ಇಲ್ಲ. ಉದುರಿದ ಎಳೆ ಬಾನೆಟ್ ಸಂದಿಯಲ್ಲಿ ಉಳಿದರೆ ತುಕ್ಕಿನ ಚುಕ್ಕೆ ಬರುತ್ತದೆ. ಕ್ಲೇ ಇರುವಾಗ ಈ ಅಪಾಯ ಯಾಕೆ ಅನ್ನುವುದು ನನ್ನ ಮಾತು.

ಗೇರ್ ಅಕ್ಕ
ಫಿಲ್ಮ್ ಬಗ್ಗೆ ಬಂಡಿಯವರು ಕೇಳಿದ್ದರು, ಯಾರೂ ಹೇಳಲಿಲ್ಲ. ಫಿಲ್ಮ್ ಇರುವುದು ಒಳಬದಿಗೆ. ಅದರ ಮೇಲೆ ಅಮೋನಿಯಾ ಇರುವ ಕ್ಲೀನರ್ ಬೇಡ, ಕ್ರಮೇಣ ಬಣ್ಣ ಕೆಟ್ಟು ಗುಳ್ಳೆ ಏಳುತ್ತದೆ. ಬ್ಲೇಡ್ ಬೇಡ, ಒರಟು ಸ್ಪಂಜು ಬೇಡ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಬೇಬಿ ಶಾಂಪೂ, ಮೆತ್ತನೆ ಬಟ್ಟೆ, ಅಂಚಿನ ಕಡೆಗೆ ಒತ್ತದೆ ಒರೆಸುವುದು. ಹೊಸದಾಗಿ ಅಂಟಿಸಿದ್ದರೆ ಅಂಟಿಸಿದವರು ಹೇಳಿದಷ್ಟು ದಿನ ಗಾಜು ಇಳಿಸಬಾರದು, ಒಳಗೆ ಒದ್ದೆ ಮಾಡಬಾರದು. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ-ಹಿಂದಿನ ಗಾಜಿನಲ್ಲಿ 70 ಶೇಕಡಾ, ಪಕ್ಕದ್ದರಲ್ಲಿ 50 ಶೇಕಡಾ ಬೆಳಕು ದಾಟಬೇಕು. ಫಿಲ್ಮ್ ಆ ಅಂಚಿನಲ್ಲೇ ಇದ್ದರೆ ಒಳಗಿನ ಮಬ್ಬು ಸೇರಿ ರಾತ್ರಿ ಪಕ್ಕದ ಕನ್ನಡಿಯೇ ಕಾಣದಂತಾಗುತ್ತದೆ.

ಹಿಂದಿನ ಗಾಜಿನ ಕೆಂಪು-ಕಂದು ಗೆರೆಗಳು ಮಂಜು ಕರಗಿಸುವ ತಂತಿ, ಒಳಮೈ ಮೇಲೆ ಅಚ್ಚೊತ್ತಿದ್ದು. ಗೆರೆ ಹೋದ ದಿಕ್ಕಿಗೇ ಒರೆಸಿ. ಉಂಗುರ, ಬಳೆ ತಾಗಿ ಒಂದು ಕಡೆ ಕಿತ್ತರೂ ಆ ಸಾಲು ಬಿಸಿಯಾಗುವುದಿಲ್ಲ.

ಹುಬ್ಬಳ್ಳಿ ಗ್ಯಾರೇಜ್
ಎಲ್ಲಾರೂ ಗಾಜಿಂದಽ ಮಾತಾಡಾಕತ್ತೀರಿ, ವೈಪರ್ ಮರತಽ ಬಿಟ್ಟೀರಿ. ವೈಪರ್ ಬಿಡೂ ಗುರುತು ನೋಡಿ ಏನ್ ತಪ್ಪೈತಿ ಅಂತ ಹೇಳಬಹುದ್ರಿ. ಸಣ್ಣ ಸಣ್ಣ ಗೆರಿ ಬಿದ್ರ ರಬ್ಬರಿನ ಅಂಚು ಹರದೈತಿ, ಇಲ್ಲಾ ಉಸುಕು ಸಿಕ್ಕೈತಿ. ಅಗಲಾದ ಪಟ್ಟಿ ಒರಸದಽ ಉಳದ್ರ ಬ್ಲೇಡಿನ ಒತ್ತಡ ಅಲ್ಲಿ ಬೀಳವಲ್ದು. ಟಕಟಕ ಕುಣಕೋತ ಹೋದ್ರ ರಬ್ಬರ್ ಬಿಸಲಿಗೆ ಒಂದಽ ಕಡೆ ಬಾಗಿ ಗಟ್ಟಿ ಆಗೈತಿ, ಇಲ್ಲಾ ಗಾಜಿನ ಮ್ಯಾಲೆ ಮೇಣ ಐತಿ. ಒರಸಿದ ಮ್ಯಾಲೆ ಮಬ್ಬಾಗಿ ಎರಡ ಸೆಕೆಂಡಿಗೆ ತಿಳಿ ಆದ್ರ ಅದು ಜಿಡ್ಡಽ. ಬಂಡಿ ಸಾಹೇಬ್ರ, ನಿಮ್ದು ಇದಽ ಐತ್ರಿ.

ರಬ್ಬರ್ ಒರಸೂದು ಸಾದಾ ಕೆಲಸ: ಹಸಿ ಬಟ್ಟಿ ಎರಡ ಬೆರಳಾಗ ಹಿಡದು ರಬ್ಬರ್ ಉದ್ದಕ್ಕ ಎಳೀರಿ, ಬಟ್ಟಿ ಕರ್ರಗಾಗೂದು ನಿಲ್ಲೂ ತನಕ. ಪೆಟ್ರೋಲ್, ಸೀಮೆಎಣ್ಣಿ ಹಚ್ಚಬ್ಯಾಡ್ರಿ, ರಬ್ಬರ್ ಉಬ್ಬತೈತಿ. ನಮ್ಮ ಕಡೆ ಬಿಸಲಿಗೆ ರಬ್ಬರ್ ವರ್ಷಕ್ಕಿಂತ ಹೆಚ್ಚಿಗೆ ಬರೂದಿಲ್ಲ, ಮುಂಗಾರಿಗೆ ಮೊದಲ ಮೇ ತಿಂಗಳಾಗ ಬದಲಿ ಮಾಡ್ರಿ. ಬ್ಲೇಡ್ ಬಿಚ್ಚಿದಾಗ ಗಾಜಿನ ಮ್ಯಾಲೆ ದಪ್ಪ ಟವಲ್ ಇಡ್ರಿ. ಬರೀ ಕಬ್ಬಿಣದ ತೋಳು ಸ್ಪ್ರಿಂಗಿನ ಜೋರಿಗೆ ಬಿದ್ರ ಗಾಜು ಸೀಳತೈತಿ.

ಗಾಜಿಗೆ ನೀರು ಚಿಮ್ಮೂ ವಾಷರ್ ಟ್ಯಾಂಕಿನ ನೀರಿಗೆ ಪಾತ್ರಿ ತೊಳಿಯೂ ಲಿಕ್ವಿಡ್ ಹಾಕಬ್ಯಾಡ್ರಿ, ನೊರಿ ಎದ್ದು ಬಣ್ಣದ ಮ್ಯಾಲೆ ಗುರುತು ಬಿಡತೈತಿ. ಬೋರ್ ನೀರೂ ಬ್ಯಾಡ, ಜೆಟ್ಟಿನ ತೂತಾಗ ಸುಣ್ಣ ಕಟ್ಟತೈತಿ. ಬ್ಯಾಟರಿ ನೀರು, ಜೊತಿಗೆ ವಾಷರ್ ಲಿಕ್ವಿಡ್ ಡಬ್ಬಿ ಮ್ಯಾಲೆ ಬರದಷ್ಟು. ತೂತು ಕಟ್ಟಿದ್ರ ಸಣ್ಣ ಟಾಚಣಿ ಹಗುರಕ ಹಾಕಿ ಬಿಡಸ್ರಿ, ಧಾರಿ ಗಾಜಿನ ನಡುವಿಗಿಂತ ಸ್ವಲ್ಪ ಮ್ಯಾಲೆ ಬೀಳೂ ಹಂಗ ತಿರುವ್ರಿ. ಮತ್ತ ಮುಚ್ಚಳ ನೋಡಿ ಹಾಕ್ರಿ: ಕೂಲಂಟ್ ಡಬ್ಬಿಯೊಳಗ ಸೋಪಿನ ನೀರು ಹೋದ್ರ ದೊಡ್ಡ ಖರ್ಚು.

ಕುಡ್ಲದ ಚಕ್ರ
ಕರಾವಳಿಯಲ್ಲಿ ಇನ್ನೊಂದು ಮಬ್ಬು ಉಂಟು, ಅದು ಕೊಳೆಯೇ ಅಲ್ಲ. ಮಳೆಗಾಲದಲ್ಲಿ ಗಾಜಿನ ಮೇಲೆ ಹಬೆ ಕೂರುವುದು. ಮೊದಲು ಒಳಗೋ ಹೊರಗೋ ಎಂದು ಬೆರಳಿಟ್ಟು ನೋಡಿ. ಒಳಗಾದರೆ ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಾಳಿ ಬರುವ ಹಾಗೆ ಬಟನ್ ಬದಲಿಸಿ. ಎಸಿ ಗಾಳಿಯ ತೇವ ಹೀರುತ್ತದೆ. ಒದ್ದೆ ಕೊಡೆ, ಒದ್ದೆ ಮ್ಯಾಟ್ ಒಳಗಿದ್ದರೆ ಹಬೆ ಮತ್ತೆ ಮತ್ತೆ ಬರುತ್ತದೆ. ಹೊರಗಾದರೆ ಗಾಜು ಹೊರಗಾಳಿಗಿಂತ ತಣ್ಣಗಾಗಿದೆ ಎಂದರ್ಥ: ವೈಪರ್ ಒಮ್ಮೆ ಹಾಕಿ, ಎಸಿ ಗಾಳಿಯನ್ನು ಗಾಜಿನಿಂದ ಆಚೆ ತಿರುಗಿಸಿ, ತಂಪು ಸ್ವಲ್ಪ ಕಡಿಮೆ ಮಾಡಿ. ಒಳಗಿನ ಹಬೆಯನ್ನು ಅಂಗೈಯಿಂದ ಒರೆಸಬೇಡಿ, ಕೈಯ ಜಿಡ್ಡು ಹತ್ತಿ ಮರುದಿನ ಅಲ್ಲೇ ಹೆಚ್ಚು ಮಬ್ಬು. ಗೇರ್ ಅಕ್ಕ ಹೇಳಿದ ಹಾಗೆ ಒಳಗಾಜು ಶುದ್ಧ ಮಾಡಿಟ್ಟರೆ ಹಬೆ ಕೂರುವುದೂ ಕಡಿಮೆ, ಹೋಗುವುದೂ ಬೇಗ.

ಸಮುದ್ರದ ಬದಿಯಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಬಿಳಿಪುಡಿ ಉಪ್ಪು. ಬರೀ ನೀರಿಗೆ ಕರಗುತ್ತದೆ, ವಿನೆಗರ್ ಬೇಡ.

ತೀರ್ಥಹಳ್ಳಿ ಘಾಟಿ
ಮಲೆನಾಡಿನ ಕಡೆಯವರಿಗೆ ಮೂರು ಅಂಟು. ಮೊದಲ ಮಳೆಗೆ ಏಳುವ ರೆಕ್ಕೆ ಗೆದ್ದಲು ಗಾಜಿಗೆ ಬಡಿದು ಒಣಗಿದರೆ ವೈಪರ್ ಹಾಕಬಾರದು, ಇಡೀ ಗಾಜಿಗೆ ಬಳಿಯುತ್ತದೆ. ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟರೆ ಉಜ್ಜದೆಯೇ ಬರುತ್ತದೆ. ಮರದಡಿ ನಿಲ್ಲಿಸಿದಾಗ ಬೀಳುವ ಸಣ್ಣ ಅಂಟುಹನಿ ಬಹಳ ಸಲ ಮರದ ರಸವಲ್ಲ, ಎಲೆಯ ಮೇಲಿನ ಕೀಟಗಳು ಬಿಡುವ ಸಿಹಿ ದ್ರವ. ಸಕ್ಕರೆಯಾದ್ದರಿಂದ ಉಗುರುಬೆಚ್ಚಗಿನ ನೀರೇ ಸಾಕು. ಹಲಸಿನ ಮೇಣ ಅಂಟಿದರೆ ನೀರಿಗೂ ಐಪಿಎಗೂ ಜಗ್ಗುವುದಿಲ್ಲ. ಹಣ್ಣು ಹೆಚ್ಚುವಾಗ ಕೈಗೆ ಹಚ್ಚಿಕೊಳ್ಳುವ ತೆಂಗಿನೆಣ್ಣೆಯೇ ಮದ್ದು: ಎಣ್ಣೆ ಹಚ್ಚಿ ಮೆತ್ತಗಾಗಿಸಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಆಮೇಲೆ ಆ ಎಣ್ಣೆಯನ್ನು ಶಾಂಪೂ ಮತ್ತು ಐಪಿಎಯಿಂದ ಪೂರ್ತಿ ತೆಗೆಯಿರಿ.

ಟೊರಾಂಟೊ ಕನ್ನಡಿಗ
ಇಲ್ಲಿ ಚಳಿನಾಡಿನಲ್ಲಿರುವವರಿಗೆ ಒಂದು ಮಾತು. ಊರಿನ ಅಭ್ಯಾಸದಂತೆ ಟ್ಯಾಂಕಿಗೆ ನೀರು ತುಂಬಿದರೆ ಹೆಪ್ಪುಗಟ್ಟಿ ಪಂಪೂ ಪೈಪೂ ಒಡೆಯುತ್ತವೆ. ಮೈನಸ್ 40 ಡಿಗ್ರಿಗೆ ತಕ್ಕ ದ್ರವವನ್ನೇ ಹಾಕಿ, ಬೇಸಿಗೆಯದ್ದು ಉಳಿದಿದ್ದರೆ ಹಿಮ ಬೀಳುವ ಮೊದಲು ಖಾಲಿ ಮಾಡಿ. ಅದರಲ್ಲಿ ಮೆಥನಾಲ್ ಇರುವುದರಿಂದ ಮಕ್ಕಳ ಕೈಗೆ ಸಿಗಬಾರದು. ಹಿಮ ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಮಾತ್ರ. ಬಿಸಿನೀರು ಹೊಯ್ದರೆ ಗಾಜು ಸೀಳುತ್ತದೆ. ರಸ್ತೆಗೆ ಹಾಕುವ ಉಪ್ಪಿನ ಕೆಸರು ಒಣಗಿದ್ದರೆ ದ್ರವ ಧಾರಾಳ ಬಿಟ್ಟ ಮೇಲೆಯೇ ವೈಪರ್.

ಹೆಬ್ಬಾಳ ಸಿಗ್ನಲ್
ಮಳೆನೀರು ಜಾರಿಸುವ ಕೋಟಿಂಗ್ ಹಾಕಬಹುದಾ? ಲಾರಿಯವರು ಮಳೆಯಲ್ಲಿ ಹೊಗೆಸೊಪ್ಪು, ಆಲೂಗಡ್ಡೆ ಉಜ್ಜುತ್ತಾರಲ್ಲ, ಅದೂ ಇದೂ ಒಂದೇನಾ?

ರಸಾಯನ ಮೇಷ್ಟ್ರು
ಎರಡೂ ತದ್ವಿರುದ್ಧ. ಹೊಗೆಸೊಪ್ಪು, ಆಲೂಗಡ್ಡೆ ನೀರನ್ನು ಹನಿಗಟ್ಟಲು ಬಿಡದೆ ಹಾಳೆಯಾಗಿ ಹರಡಿಸುತ್ತವೆ. ವೈಪರ್ ಕೆಟ್ಟಾಗ ಸ್ವಲ್ಪ ದೂರಕ್ಕೆ ಆದೀತು, ಮಳೆ ಜೋರಾದರೆ ತೊಳೆದು ಹೋಗುತ್ತದೆ. ಕೋಟಿಂಗ್ ನೀರನ್ನು ಹನಿ ಮಾಡಿ ಓಡಿಸುತ್ತದೆ, ಹನಿ ಗಾಳಿಗೆ ಹಾರಲು ವೇಗ ಬೇಕು. ಹೆದ್ದಾರಿಯಲ್ಲಿ ಉಪಯೋಗ, ಊರೊಳಗಿನ ಟ್ರಾಫಿಕ್ಕಿನಲ್ಲಿ ಹನಿಗಳು ಗಾಜಿನ ಮೇಲೇ ನಿಂತು ಪ್ರತಿಯೊಂದೂ ಎದುರಿನ ಲೈಟನ್ನು ಚೆದುರಿಸುತ್ತದೆ.

ಶಿವು ಡಿಟೇಲಿಂಗ್
ಹಾಕುವುದಾದರೆ ಕ್ಲೇ, ಐಪಿಎ ಎರಡೂ ಮುಗಿಸಿದ ಗಾಜಿಗೆ ಮಾತ್ರ. ಜಿಡ್ಡಿನ ಮೇಲೆ ಹಾಕಿದರೆ ಜಿಡ್ಡಿನ ಜೊತೆಗೇ ಎದ್ದು ಬರುತ್ತದೆ. ತೆಳುವಾಗಿ ಹಚ್ಚಿ, ಬಾಟಲಿ ಹೇಳಿದಷ್ಟು ಹೊತ್ತು ಬಿಟ್ಟು, ಒದ್ದೆ ಬಟ್ಟೆಯಿಂದಲೂ ಒಣ ಬಟ್ಟೆಯಿಂದಲೂ ಪೂರ್ತಿ ಒರೆಸಿ. ಅರೆಬರೆ ಒರೆಸಿದರೆ ವೈಪರ್ ಕುಣಿಯುತ್ತದೆ, ರಾತ್ರಿ ಮತ್ತದೇ ಮಬ್ಬು. ಒಳಬದಿಗೆ ಹಾಕುವಂಥದ್ದಲ್ಲ.

ಕುಡ್ಲದ ಚಕ್ರ
ಕಲ್ಲೇಟು ಬಿದ್ದು ಗಾಜಿನಲ್ಲಿ ಚಿಕ್ಕ ನಕ್ಷತ್ರ ಆಗಿದ್ದರೆ ಈ ಯಾವ ದ್ರವವನ್ನೂ ಅದರ ಮೇಲೆ ಹಾಕಬೇಡಿ. ಒಳಗೆ ಸೋಪು, ವ್ಯಾಕ್ಸ್ ಇಳಿದರೆ ಆಮೇಲೆ ರಾಳ ತುಂಬಿದಾಗ ಹಿಡಿಯುವುದಿಲ್ಲ. ಪಾರದರ್ಶಕ ಟೇಪ್ ಅಂಟಿಸಿ ರಿಪೇರಿಯವರ ಹತ್ತಿರ ಹೋಗಿ. ಅಲ್ಲಿಯವರೆಗೆ ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚುವುದೂ ಬೇಡ, ಬಿರುಕು ಓಡುತ್ತದೆ.

ಬಯಲುಸೀಮೆ ಬಂಡಿ
ಪರೀಕ್ಷೆಯ ಫಲಿತಾಂಶ ಇಲ್ಲಿದೆ. ನೀರು ವೈಪರ್ ಓಡುವ ಜಾಗದಲ್ಲೆಲ್ಲ ಹರಿದು ತೇಪೆಯಾಯಿತು. ಶಾಂಪೂ, ಕ್ಲೇ, ಐಪಿಎ ಆದ ಮೇಲೆ ಹಾಳೆಯಂತೆ ಇಳಿಯುತ್ತಿದೆ. ಒಳಬದಿಗೆ ಮೂರು ಸುತ್ತು ಬೇಕಾಯಿತು. ಬಿಳಿ ಚುಕ್ಕೆಗಳಲ್ಲಿ ಹೆಚ್ಚಿನವು ನಿಂಬೆ ಉಪ್ಪಿಗೆ ಹೋದವು, ತೀರಾ ಕೆಳಗೆ ವೈಪರ್ ಮಲಗುವ ಕಡೆ ಏಳೆಂಟು ಮಾತ್ರ ಕದಲುತ್ತಿಲ್ಲ. ಸೀರಿಯಂ ಹಾಕಬೇಕಾ?

ಶಿವು ಡಿಟೇಲಿಂಗ್
ಅವು ಕಣ್ಣಿನ ನೇರಕ್ಕೆ ಬರುವುದಿಲ್ಲ, ವೈಪರ್ ದಾರಿಯಲ್ಲೂ ಇಲ್ಲ. ಬಿಟ್ಟುಬಿಡಿ ಸರ್. ಪಕ್ಕದ ಕಿಟಕಿಗಳ ಬೀಡಿಂಗನ್ನು ಹಳೇ ಟೂತ್‌ಬ್ರಷ್‌ನಿಂದ ಒಮ್ಮೆ ಉಜ್ಜಿ, ಗಾಜು ಏರಿಳಿಸಿದಾಗ ಉದ್ದುದ್ದ ಗೀರು ಬೀಳುವುದು ಅದರಲ್ಲಿ ಕೂತ ಮರಳಿನಿಂದ.

ಬಯಲುಸೀಮೆ ಬಂಡಿ
ಸರಿ ಶಿವು ಅವರೇ, ಬೀಡಿಂಗ್ ಈ ಭಾನುವಾರ.